ವರ್ಷಕ್ಕೆ ಅರ್ಧ ಬೆರಳು

ನನ್ನ ಸೋದರಮಾವ ಯಾವುದನ್ನೂ ನೆಟ್ಟಗೆ ನಿಂತು ನೋಡಿದವನಲ್ಲ. ಗೋಡೆಯ ಮೇಲಿನ ಪಟ, ಬಾಗಿಲ ಹೊಸ್ತಿಲು, ಲೋಟದೊಳಗಿನ ಚಹಾ, ಏನೇ ಇರಲಿ, ತಲೆ ವಾಲಿಸಿ, ಎಡಗಣ್ಣು ಮುಚ್ಚಿ, ಬಲಗಣ್ಣನ್ನು ಅದರ ಮಟ್ಟಕ್ಕೆ ಇಳಿಸಿ ನೋಡುತ್ತಿದ್ದ. "ಸ್ವಲ್ಪ ಆ ಕಡೆ ವಾಲಿದೆ" ಎಂದು ಹೇಳದಿದ್ದರೆ ಅವನಿಗೆ ಉಂಡದ್ದು ಅರಗುತ್ತಿರಲಿಲ್ಲ. ಊರಿನ ಗೆರೆಗಳನ್ನೆಲ್ಲ ನೆಟ್ಟಗೆ ಎಳೆಯುತ್ತಿದ್ದ ಈ ಮಹಾನುಭಾವನ ಮೀಸೆ ಮಾತ್ರ ಒಂದು ಕಡೆ ಜೋತು ಬಿದ್ದಿತ್ತು. ಅದನ್ನು ಎತ್ತಿ ಆಡಿದರೆ, "ನಿಮ್ಮ ಮನೆ ಕನ್ನಡಿ ವಾಲಿದೆ" ಅನ್ನುತ್ತಿದ್ದ.

ಅವನ ಕಸುಬು ಬಣ್ಣ ಬಳಿಯುವುದು. ಅಂಗಡಿಗಳ ಫಲಕ, ಶಾಲೆಗಳ ಕಪ್ಪುಹಲಗೆ, ಆಸ್ಪತ್ರೆಯ ಗೋಡೆಯ ಮೇಲಿನ 'ಸದ್ದು ಮಾಡಬೇಡಿ', ಎಲ್ಲ ಅವನ ಕೈಯವೇ. ಆದರೆ ಅವನಿಗೆ 'ಗೆರೆಯವನು' ಎಂದು ಹೆಸರು ಬಂದದ್ದು ದೋಣಿಯಿಂದ. ನಮ್ಮ ಊರು ಹೊಳೆಯ ಈಚೆ. ಮಾರುಕಟ್ಟೆ, ಆಸ್ಪತ್ರೆ, ನೂಲಿನ ಕಾರ್ಖಾನೆ ಎಲ್ಲ ಆಚೆ. ಸೇತುವೆ ಇರಲಿಲ್ಲ. ಇದ್ದದ್ದು ಒಂದು ದೊಡ್ಡ ಮರದ ದೋಣಿ, ಯಂತ್ರ ಕೂರಿಸಿದ್ದು. ಅದರ ಹೊಟ್ಟೆಯ ಸುತ್ತ ನಾಲ್ಕು ಬೆರಳು ಅಗಲದ ಬಿಳಿ ಗೆರೆ. ಜನ ಹತ್ತಿದಂತೆ ದೋಣಿ ನೀರಿಗೆ ಇಳಿಯುತ್ತದೆ, ನೀರು ಗೆರೆಯ ಹತ್ತಿರ ಬರುತ್ತದೆ. ಗೆರೆಯ ಕೆಳಗಿನ ಅಂಚನ್ನು ನೀರು ಮುಟ್ಟಿತೆಂದರೆ ಮುಗಿಯಿತು, ಇನ್ನು ಯಾರೂ ಹತ್ತುವಂತಿಲ್ಲ. ತಲೆ ಎಣಿಸುವ ಪದ್ಧತಿಯೇ ಇರಲಿಲ್ಲ. ಎಣಿಸುವ ಕೆಲಸವನ್ನು ನಾವು ಹೊಳೆಗೇ ಬಿಟ್ಟಿದ್ದೆವು.

ಆ ದೋಣಿಯ ಚುಕ್ಕಾಣಿ ಹಿಡಿಯುತ್ತಿದ್ದವನು ನನ್ನ ಅಪ್ಪ. ಹತ್ತುವ ಹಲಗೆಯ ಬಳಿ ಬಗ್ಗಿ ಗೆರೆಯನ್ನೊಮ್ಮೆ ನೋಡಿ, "ಸಾಕು, ಉಳಿದವರು ಮುಂದಿನ ಸಲ" ಅಂದರೆ ಅದಕ್ಕೆ ಎದುರು ಮಾತಿಲ್ಲ. ದೋಣಿ ನಡೆಸುವ ಕಡವಿನ ಕಚೇರಿಯ ದೊಡ್ಡ ಸಾಹೇಬನನ್ನೇ ಒಮ್ಮೆ ದಡದಲ್ಲಿ ನಿಲ್ಲಿಸಿ ಹೋದವನು ಅವನು. ಮಾಮ ಮದುವೆಯಾಗಿರಲಿಲ್ಲ, ನಮ್ಮ ಮನೆಯ ಮುಂದಿನ ಕೋಣೆಯಲ್ಲೇ ಅವನ ವಾಸ, ಜೊತೆಗೆ ಬಣ್ಣದ ಡಬ್ಬಿಗಳ ವಾಸ. ಸಂಜೆ ಭಾವ, ಭಾವಮೈದುನ ಜಗುಲಿಯಲ್ಲಿ ಕೂತರೆ ಒಂದು ಗಂಟೆಗೆ ನಾಲ್ಕು ಮಾತು ಆಡಿದರೆ ಹೆಚ್ಚು. ಅಮ್ಮ ಒಳಗಿನಿಂದ, "ಇಬ್ಬರೂ ಇದ್ದೀರೋ, ಎದ್ದು ಹೋದಿರೋ" ಎಂದು ಕೂಗಿ ಕೇಳುತ್ತಿದ್ದಳು.

ವರ್ಷಕ್ಕೊಮ್ಮೆ, ಹೊಳೆ ತುಂಬುವ ಮೊದಲು, ಮಾಮ ಗೆರೆಯನ್ನು ಹೊಸದಾಗಿ ಬಳಿಯುತ್ತಿದ್ದ. ಅವನ ಅಪ್ಪನ ಕಾಲದಲ್ಲಿ ಎರಡು ದೋಣಿಗಳಿದ್ದವು. ಒಂದನ್ನು ದಡಕ್ಕೆ ಎಳೆದು ಒಣಗಿಸಿ ಬಳಿಯುವಾಗ ಇನ್ನೊಂದು ಓಡಾಡುತ್ತಿತ್ತು. ಎರಡನೆಯದು ಮುರಿದು ಸೌದೆಯಾದ ಮೇಲೆ ಕಚೇರಿಯವರು ಹೊಸದನ್ನು ಇವತ್ತು ತರುತ್ತೇವೆ, ನಾಳೆ ತರುತ್ತೇವೆ ಎಂದು ಹತ್ತೊಂಬತ್ತು ವರ್ಷ ತಳ್ಳಿದರು. ಉಳಿದ ಒಂದನ್ನೂ ದಡಕ್ಕೆ ಎಳೆದರೆ ಊರೇ ನಿಂತುಹೋಗುತ್ತದೆ. ಹಾಗಾಗಿ ಮಾಮ ಎರಡು ಓಡಾಟಗಳ ನಡುವಿನ ಬಿಡುವಿನಲ್ಲಿ, ಸಣ್ಣ ತೆಪ್ಪದಲ್ಲಿ ಕೂತು, ದೋಣಿ ನೀರಿನಲ್ಲಿರುವಾಗಲೇ ಬಳಿಯುತ್ತಿದ್ದ.

ಚಿಕ್ಕವಳಿದ್ದಾಗ ನಾನೂ ಒಂದೆರಡು ಸಲ ಆ ತೆಪ್ಪದಲ್ಲಿ ಕೂತಿದ್ದೆ. ಅಷ್ಟು ನಿಧಾನದ ಕೆಲಸವನ್ನು ನಾನು ಮತ್ತೆಲ್ಲೂ ಕಂಡಿಲ್ಲ. ಮೇಲೆ ಒಂದು ಬಿಳಿ ಗೆರೆ, ನೀರಿನೊಳಗೆ ತಲೆಕೆಳಗಾಗಿ ಅದರ ಜೊತೆಯವಳು. ಒಂದು ಸುಮ್ಮನೆ ನಿಂತಿದ್ದರೆ ಇನ್ನೊಂದು ನಡುಗುತ್ತಿತ್ತು. ಬ್ರಷ್ಷು ಮರದ ಮೇಲೆ ಜಾರುವ ಸದ್ದು, ತೆಪ್ಪಕ್ಕೆ ನೀರು ತಟ್ಟುವ ಸದ್ದು, ಎರಡೂ ಸೇರಿ ನನ್ನ ಕಣ್ಣು ಎಳೆಯುತ್ತಿದ್ದವು. ದಡ ಚಲಿಸುತ್ತಿದೆಯೋ ನಾವೋ ತಿಳಿಯುತ್ತಿರಲಿಲ್ಲ. ತೂಕಡಿಸಿ ಎಚ್ಚೆತ್ತರೆ ಮೊಳದುದ್ದ ಹೊಸ ಬಿಳಿ ಮೂಡಿರುತ್ತಿತ್ತು. ಮಾಮ ಅದಕ್ಕೆ ಕಣ್ಣು ಹೊಂದಿಸಿಕೊಂಡು, ತನಗೆ ತಾನೇ ಏನೋ ಗುನುಗುತ್ತಾ, ಈ ಲೋಕದಲ್ಲಿ ಇರುತ್ತಿರಲಿಲ್ಲ. ಇವತ್ತಿಗೂ ನಿದ್ದೆ ಬಾರದಿದ್ದರೆ ನಾನು ಆ ತೆಪ್ಪವನ್ನು ನೆನೆಯುತ್ತೇನೆ.

"ಒದ್ದೆ ಮರಕ್ಕೆ ಬಣ್ಣ ಹಿಡಿಯಲ್ಲ ಪುಟ್ಟಿ" ಅನ್ನುತ್ತಿದ್ದ. ತುಂಬಿದ ದೋಣಿ ದಿನವೂ ಎಲ್ಲಿವರೆಗೆ ಮುಳುಗುತ್ತದೋ ಅಲ್ಲಿ, ಅಂದರೆ ಗೆರೆಯ ಕೆಳಗಿನ ಅಂಚಿನಲ್ಲಿ, ಮರ ಎಂದೂ ಒಣಗುತ್ತಿರಲಿಲ್ಲ. ಅಲ್ಲಿ ಪಾಚಿ ಕೂರುತ್ತಿತ್ತು, ಬಣ್ಣ ಸಿಪ್ಪೆ ಎದ್ದು ಉದುರುತ್ತಿತ್ತು. ವರ್ಷಕ್ಕೆ ಅರ್ಧ ಬೆರಳಿನಷ್ಟು ಬಿಳಿ ಹೀಗೆ ಹೋಗುತ್ತಿತ್ತು. ಗೆರೆ ನಾಲ್ಕು ಬೆರಳು ಅಗಲ ಇರಲೇಬೇಕೆಂದು ಕಚೇರಿಯ ನಿಯಮ. ಕೆಳಗೆ ಬಣ್ಣ ನಿಲ್ಲುವುದಿಲ್ಲ, ಮೇಲಿನ ಮರ ಒಣಗಿದೆ. ಮಾಮ ಕೆಳಗೆ ಹೋದ ಅರ್ಧ ಬೆರಳನ್ನು ಮೇಲೆ ಸೇರಿಸಿ ಅಗಲ ಸರಿಮಾಡುತ್ತಿದ್ದ. ಆಮೇಲೆ ತಲೆ ವಾಲಿಸಿ ನೋಡಿದರೆ ಕೂದಲೆಳೆಯಷ್ಟೂ ಡೊಂಕಿಲ್ಲ. ಅವನ ಮುಖದಲ್ಲಿ ಆಗ ಮೂಡುತ್ತಿದ್ದ ತೃಪ್ತಿಯನ್ನು ನಾನು ಯಾವ ಮದುಮಗನ ಮುಖದಲ್ಲೂ ನೋಡಿಲ್ಲ.

ಓದುತ್ತಿರುವ ನಿಮಗೆ ವಿಷಯ ಆಗಲೇ ಹೊಳೆದಿರಬೇಕು. ನಮಗೆ ಹೊಳೆಯಲಿಲ್ಲ. ಬುದ್ಧಿವಂತರ ಊರು ನಮ್ಮದು. ಎರಡು ಶಾಲೆ, ಒಂದು ವಾಚನಾಲಯ, ಮಾತೆತ್ತಿದರೆ ವಾದಕ್ಕೆ ನಿಲ್ಲುವ ಜನ. ಹತ್ತೊಂಬತ್ತು ವರ್ಷ ಒಬ್ಬರಿಗೂ ಹೊಳೆಯಲಿಲ್ಲ. ಗೆರೆ ಬಳಿದ ದಿನ ಹೇಗಿತ್ತೋ ಮುಂದಿನ ವರ್ಷವೂ ಹಾಗೇ ಹೊಳೆಯುತ್ತಿತ್ತು, ಅಷ್ಟೇ ಅಗಲ, ಅಷ್ಟೇ ನೆಟ್ಟಗೆ. ಹಿಂದೆ ಅರವತ್ತು ಜನಕ್ಕೆ ಮುಟ್ಟುತ್ತಿದ್ದ ನೀರು ಈಗ ಎಪ್ಪತ್ತಕ್ಕೆ, ಎಂಬತ್ತಕ್ಕೆ, ನೂರಕ್ಕೆ ಮುಟ್ಟುತ್ತಿತ್ತು. ವರ್ಷಕ್ಕೆ ಎರಡೋ ಮೂರೋ ಜನ ಹೆಚ್ಚಾದರೆ ಯಾರಿಗೆ ಗೊತ್ತಾಗುತ್ತದೆ? ಊರು ಬೆಳೆಯುತ್ತಿದೆ ಎಂದರು. ಚುಕ್ಕಾಣಿಯವನ ಕೈ ಪಳಗಿದೆ ಎಂದರು.

ನನಗೆ ಆಗ ಇಪ್ಪತ್ತು ವರ್ಷ. ಈಚೆ ದಡದ ದಿಬ್ಬದ ಮೇಲಿದ್ದ ಶಿಕ್ಷಕರ ತರಬೇತಿ ಶಾಲೆಯಲ್ಲಿ ಓದುತ್ತಿದ್ದೆ. ಆ ದಿನ ಬೆಳಿಗ್ಗೆ ಹೊಳೆಯ ಮೇಲೆ ಮಂಜು ಕವಿದಿತ್ತು. ಹತ್ತು ಗಂಟೆಯ ಹೊತ್ತಿಗೆ ಅದು ತೆಳುವಾಗುತ್ತಾ ಬಂತು. ಕಿಟಕಿಯಿಂದ ದೋಣಿ ಕಾಣಿಸಿತು, ಇಲ್ಲದಂತೆ, ಇದ್ದಂತೆ. ನೀರಿನ ಮೇಲಲ್ಲ, ಬೆಳಕಿನ ಮೇಲೆ ತೇಲುತ್ತಿರುವಂತೆ ಕಂಡಿತು. ಮಾರುಕಟ್ಟೆಯ ದಿನ, ತುಂಬಾ ಜನ, ಮೂಟೆಗಳು, ಸೈಕಲ್ಲುಗಳು. ಎದುರಿನಿಂದ ಮರಳಿನ ದೋಣಿಯೊಂದು ಬಂತು. ಅದರ ಅಲೆಗೆ ನಮ್ಮ ದೋಣಿ ತಿರುಗಬೇಕು, ಅಪ್ಪ ಯಾವಾಗಲೂ ತಿರುಗಿಸುತ್ತಾನೆ. ತಿರುಗಿತು, ಆದರೆ ನಿದ್ದೆಯಲ್ಲಿ ಮಗ್ಗುಲಾಗುವವರ ಹಾಗೆ ತಡವಾಗಿ ತಿರುಗಿತು. ನಾನು ಪುಸ್ತಕದ ಹಾಳೆ ಮಗುಚಿ ಮತ್ತೆ ನೋಡಿದೆ. ಮಂಜು ದೋಣಿಯನ್ನು ಮರೆಮಾಡಿದೆ ಎಂದುಕೊಂಡೆ. ಮಂಜು ಅಲ್ಲೇ ಇತ್ತು, ಸರಿದೂ ಹೋಯಿತು, ದೋಣಿ ಇರಲಿಲ್ಲ.

ಐವತ್ತೊಂದು ಜನ ಸತ್ತರು. ಅಪ್ಪ ಮೂರನೆಯ ದಿನ ಸಿಕ್ಕ.

ಕಡವಿನ ಕಚೇರಿಯವರು ವಾರ ತುಂಬುವುದರೊಳಗೆ ಕೈ ತೊಳೆದುಕೊಂಡರು. ಬಾಗಿಲಿಗೆ ಒಂದು ಹಾಳೆ ಅಂಟಿಸಿದರು: ಮಿತಿ ಮೀರಿ ಜನರನ್ನು ಹತ್ತಿಸಿದ ಚಾಲಕನೇ ಹೊಣೆ. ಸತ್ತವನು ಎದ್ದು ಬಂದು ಉತ್ತರ ಕೊಡುವುದಿಲ್ಲವಲ್ಲ. ಬದುಕಿ ಉಳಿದವರಲ್ಲಿ ಕೆಲವರು, "ಗೆರೆ ಕಾಣ್ತಾ ಇತ್ತು, ನಾವೇ ನೋಡಿದ್ವಿ" ಎಂದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ನಲ್ಲಿಯ ಹತ್ತಿರ ಅಮ್ಮ ಹೋದರೆ ಸಾಲಿನಲ್ಲಿದ್ದವರೆಲ್ಲ ಪಕ್ಕಕ್ಕೆ ಸರಿದು ಜಾಗ ಬಿಡುತ್ತಿದ್ದರು. ಆ ಮರ್ಯಾದೆಗಿಂತ ಬೈಗುಳ ಎಷ್ಟೋ ವಾಸಿ. ಹಿಂದಿನ ಬೀದಿಯ ದರ್ಜಿಯೊಬ್ಬರು, ಆ ದೋಣಿಯಲ್ಲಿ ಹೆಂಡತಿಯನ್ನು ಕಳೆದುಕೊಂಡವರು, ಸಂಜೆಯಾದರೆ ನಮ್ಮ ಗೇಟಿನ ಎದುರು ಬಂದು ನಿಲ್ಲುತ್ತಿದ್ದರು. ಕೊರಳಲ್ಲಿ ಅಳತೆಯ ಪಟ್ಟಿ ಹಾಗೇ ಇರುತ್ತಿತ್ತು. ಸ್ವಲ್ಪ ಹೊತ್ತು ನಿಂತು ಹೋಗುತ್ತಿದ್ದರು. ನಾನು ಪರದೆಯ ಹಿಂದೆ ನಿಂತು, ನನ್ನ ಅಪ್ಪ ತಪ್ಪು ಮಾಡಿಲ್ಲ, ನನ್ನ ಅಪ್ಪ ತಪ್ಪು ಮಾಡಿಲ್ಲ ಎಂದು ಬಾಯೊಳಗೇ ಹೇಳಿಕೊಳ್ಳುತ್ತಿದ್ದೆ. ನನಗೆ ಜಗತ್ತಿನಲ್ಲಿ ಬೇಕಾಗಿದ್ದದ್ದು ಅದೊಂದೇ, ಆ ಮಾತನ್ನು ಯಾರಾದರೂ ಗಟ್ಟಿಯಾಗಿ ಹೇಳುವುದು.

ಆ ದಿನಗಳಲ್ಲಿ ನನಗೆ ಎಲ್ಲೆಲ್ಲೂ ನೀರಿನ ಮಟ್ಟ ಕಾಣಿಸುತ್ತಿತ್ತು. ಅಡುಗೆಮನೆಯ ಗೋಡೆಯ ಮೇಲೆ, ತರಗತಿಯಲ್ಲಿ ಗೆಳತಿಯರ ಕುತ್ತಿಗೆಯ ಸುತ್ತ, ಒಂದು ಬಿಳಿ ಗೆರೆ. ಕಣ್ಣು ಮಿಟುಕಿಸಿದರೆ ಇರುತ್ತಿರಲಿಲ್ಲ. ಮಧ್ಯಾಹ್ನ ಮಲಗಿದರೆ ಮಂಚ ಮೆಲ್ಲಗೆ ಮೇಲೇಳುತ್ತಿತ್ತು. ಅಮ್ಮನಿಗೆ ಹೇಳಿದರೆ ಹಣೆ ಮುಟ್ಟಿ ನೋಡಿದಳು, ಅಷ್ಟೇ.

ಮೇಲೆತ್ತಿದ ದೋಣಿಯನ್ನು ದಡದಲ್ಲಿ ಮಗ್ಗುಲಾಗಿ ಮಲಗಿಸಿದ್ದರು. ಹನ್ನೊಂದನೆಯ ದಿನ ಮಾಮ ಅದನ್ನು ನೋಡಲು ಹೋದ. ಮಧ್ಯಾಹ್ನ ಹೋದವನು ದೀಪ ಹಚ್ಚುವ ಹೊತ್ತಿಗೆ ಬಂದ. ಉಗುರುಗಳ ತುಂಬ ಪಾಚಿ. ಅಮ್ಮನ ಎದುರು ನೆಲದ ಮೇಲೆ ಕೂತ. ನಾನು ಬಾಗಿಲ ಬಳಿ ಇದ್ದೆ.

"ಅಕ್ಕಾ, ನಮ್ಮ ಅಪ್ಪ ಹೇಳ್ತಿದ್ರು, ದೋಣಿ ಕಟ್ಟಿದ ಬಡಗಿ ಗೆರೆ ಎಲ್ಲಿ ಬರಬೇಕೋ ಅಲ್ಲಿ ಸಾಲಾಗಿ ತಾಮ್ರದ ಮೊಳೆ ಹೊಡೆದಿದ್ದಾನೆ ಅಂತ" ಎಂದ. "ಅವರು ದಡದ ಮೇಲೆ ಬಳಿಯೋವಾಗ ಮೊಳೆ ನೋಡಿ ಬಳೀತಿದ್ರು. ನಾನು ನೀರಲ್ಲಿ ಬಳಿದೆ. ಹೋದ ವರ್ಷದ ಗೆರೆ ನೋಡಿ ಈ ವರ್ಷದ್ದು ಬಳಿದೆ."

"ಅದಕ್ಕೇನೀಗ?"

"ಇವತ್ತು ಕೆರೆದು ನೋಡಿದೆ. ಮೊಳೆ ಕೆಳಗಿದಾವೆ. ನನ್ನ ಗೆರೆ ಮೇಲಿದೆ. ನಡುವೆ ಒಂಬತ್ತೂವರೆ ಬೆರಳು."

ಅಮ್ಮ ಕೈಯಲ್ಲಿದ್ದ ಬಟ್ಟೆಯನ್ನು ಮಡಿಸಿದಳು, ಬಿಚ್ಚಿದಳು, ಮತ್ತೆ ಮಡಿಸಿದಳು. ನನಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ತಿಳಿದ ಕೂಡಲೇ ನಾಚಿಕೆಯಿಲ್ಲದಂಥ ಸಂತೋಷವಾಯಿತು. ಅಪ್ಪ ಗೆರೆ ಮೀರಿರಲಿಲ್ಲ. ಗೆರೆಯೇ ಅಪ್ಪನಿಗೆ ಮೋಸ ಮಾಡಿತ್ತು.

"ನಾಳೆ ವಿಚಾರಣೆಯವರ ಹತ್ರ ಹೋಗ್ತೀನಿ" ಎಂದ ಮಾಮ.

"ಹೋಗಬೇಡ" ಎಂದಳು ಅಮ್ಮ. ಸ್ವರ ಏರಲಿಲ್ಲ. "ಅವರಂತೂ ಹೋದ್ರು. ಯಾರು ಏನಂದ್ರೂ ಅವರಿಗೆ ಕೇಳಿಸಲ್ಲ. ನಿನ್ನನ್ನ ಹಿಡ್ಕೊಂಡು ಹೋಗ್ತಾರೆ. ನನಗೆ ಉಳಿದಿರೋ ಗಂಡು ದಿಕ್ಕು ನೀನೊಬ್ಬ."

"ಅಮ್ಮ, ಅಪ್ಪನ ಹೆಸರು?" ಎಂದೆ ನಾನು.

"ಹೆಸರು ತಗೊಂಡು ಏನು ಮಾಡ್ತೀಯೇ?" ಎಂದಳು.

ಅಂಥ ಮಾತು ಅಮ್ಮನ ಬಾಯಿಂದ ಬಂದದ್ದನ್ನು ನಾನು ಅವಳಿಗೆ ಬಹಳ ವರ್ಷ ಕ್ಷಮಿಸಲಿಲ್ಲ. ಇಂದು ಯೋಚಿಸಿದರೆ ಅವಳು ಬದುಕಿರುವ ತಮ್ಮನನ್ನು ಹಿಡಿದುಕೊಂಡಿದ್ದಳು, ಅಷ್ಟೇ. ನಾನು ಸತ್ತ ಅಪ್ಪನನ್ನು ಹಿಡಿದುಕೊಂಡಿದ್ದೆ. ಮಾಮ ಇಬ್ಬರ ನಡುವೆ ಕೂತು ತನ್ನ ಉಗುರಿನ ಪಾಚಿಯನ್ನು ನೋಡುತ್ತಿದ್ದ.

ಬೆಳಿಗ್ಗೆ ಎದ್ದಾಗ ಅವನ ಕೋಣೆ ಖಾಲಿ ಇತ್ತು. ವಿಚಾರಣೆ ನಡೆಸುತ್ತಿದ್ದ ನಿವೃತ್ತ ನ್ಯಾಯಾಧೀಶರನ್ನೂ ಇಬ್ಬರು ಗುಮಾಸ್ತರನ್ನೂ ಕರೆದುಕೊಂಡು ದೋಣಿಯ ಹತ್ತಿರ ಹೋಗಿದ್ದ. ನಾನು ಓಡಿದೆ. ದಡದಲ್ಲಿ ಆಗಲೇ ನೂರಾರು ಜನ. ಮಾಮ ಕೆರೆಯುವ ತಗಡು ಹಿಡಿದು ಮೊಣಕಾಲೂರಿ ಕೂತಿದ್ದ. ಒಂದೊಂದೇ ಪದರ ಎಬ್ಬಿಸುತ್ತಿದ್ದ, ಒಂದೊಂದು ವರ್ಷ. ಬಣ್ಣದ ಅಂಚುಗಳು ಮೆಟ್ಟಿಲಿನಂತೆ ಕಾಣುತ್ತಿದ್ದವು. ಕೊನೆಗೆ ಪಾಚಿಯ ಅಡಿಯಿಂದ ಹಸಿರುಗಟ್ಟಿದ ಮೊಳೆಯ ತಲೆ ಒಂದು ಕಂಡಿತು, ಅದರ ಪಕ್ಕ ಇನ್ನೊಂದು, ಮತ್ತೊಂದು. ಹೊಳೆ ಮಾತ್ರ ಏನೂ ಆಗಿಲ್ಲವೆಂಬಂತೆ ಹರಿಯುತ್ತಿತ್ತು.

"ಚಾಲಕನಿಗೆ ಇದು ಗೊತ್ತಿತ್ತೇ?" ಎಂದು ಕೇಳಿದರು ನ್ಯಾಯಾಧೀಶರು.

"ಇಲ್ಲ ಸ್ವಾಮಿ."

"ದೋಣಿ ಭಾರವಾಗಿದೆ ಅಂತ ಅವರು ಯಾವತ್ತಾದರೂ ಹೇಳಿದ್ದರೇ?"

ಮಾಮ ತಲೆ ಎತ್ತಿದ. ಗುಂಪಿನಲ್ಲಿ ನನ್ನನ್ನು ಕಂಡ.

"ಇಲ್ಲ ಸ್ವಾಮಿ. ಅವರು ಗೆರೆ ನಂಬಿದ್ರು. ಗೆರೆ ನನ್ನದು."

ಹೀಗೆ ನನಗೆ ಬೇಕಾದ ಮಾತನ್ನು ಯಾರೋ ಗಟ್ಟಿಯಾಗಿ ಹೇಳಿದರು. ಕಚೇರಿಯ ಬಾಗಿಲ ಹಾಳೆಯನ್ನು ಕಿತ್ತರು. ಚಾಲಕ ನಿರ್ದೋಷಿ ಎಂದು ವರದಿಯಲ್ಲಿ ಬಂತು. ನಲ್ಲಿಯ ಹತ್ತಿರ ಹೆಂಗಸರು ಮತ್ತೆ ಅಮ್ಮನೊಡನೆ ಜಗಳವಾಡತೊಡಗಿದರು, ಅವಳಿಗೆ ಅದರಿಂದ ಜೀವ ಬಂತು. ದೋಣಿಯನ್ನು ದಡಕ್ಕೆ ಎಳೆಸದೆ ಓಡಿಸಿದ್ದಕ್ಕೆ ಕಚೇರಿಯ ಇಬ್ಬರು ಕೆಲಸ ಕಳೆದುಕೊಂಡರು. ಮಾಮನಿಗೆ ಎಂಟು ತಿಂಗಳು ಜೈಲು. ಇನ್ನು ಬದುಕಿರುವವರೆಗೆ ಯಾವ ದೋಣಿಗೂ ಬ್ರಷ್ಷು ತಾಗಿಸುವಂತಿಲ್ಲ ಎಂದು ಆದೇಶ.

ಆ ವರದಿಯಿಂದಲೇ ಹೊಸ ನಿಯಮಗಳು ಬಂದವು. ಗೆರೆಯನ್ನು ನೀರಿನಿಂದ ಮೇಲಕ್ಕೆ ಅಳೆಯುವಂತಿಲ್ಲ, ದೋಣಿಯ ಮೇಲಂಚಿನಿಂದ ಕೆಳಕ್ಕೇ ಅಳೆಯಬೇಕು. ಬಣ್ಣದ ಜೊತೆ ಹಿತ್ತಾಳೆಯ ಪಟ್ಟಿ ಕೂರಿಸಬೇಕು. ಬಳಿಯುವವನು ಬೇರೆ, ಅಳೆಯುವವನು ಬೇರೆ. ವರ್ಷಕ್ಕೊಮ್ಮೆ ದೋಣಿ ದಡಕ್ಕೆ ಬರಲೇಬೇಕು, ಬದಲಿಗೆ ಇನ್ನೊಂದು ಇರಲೇಬೇಕು. ಗೆರೆ ಏನೇ ಹೇಳಲಿ, ತಲೆಯನ್ನೂ ಎಣಿಸಬೇಕು. ಒಂದೊಂದು ನಿಯಮವೂ ಓದಲು ಸಪ್ಪೆ. ನಿಯಮದ ಪುಸ್ತಕದಷ್ಟು ಬೇಗ ನಿದ್ದೆ ತರಿಸುವ ಔಷಧ ಇನ್ನೊಂದಿಲ್ಲ. ಆದರೆ ಯಾವ ವಾಕ್ಯದ ಹಿಂದೆ ಯಾರಿದ್ದಾರೆ ಎಂದು ಗೊತ್ತಿದ್ದವರಿಗೆ ಅದನ್ನು ಓದುವಾಗ ನಿದ್ದೆ ಬರುವುದಿಲ್ಲ. ಚುಕ್ಕಾಣಿ ಹಿಡಿಯುವವರಿಗೆ ಒಂದು ಶಾಲೆಯೂ ಬಂತು. ಅಲ್ಲಿ ನಿಯಮಗಳನ್ನು ಕಲಿಸುವ ಕೆಲಸ ನನಗೇ ಸಿಕ್ಕಿತು.

ಮಾಮ ಜೈಲಿನಿಂದ ಬಂದವನು ನಮ್ಮ ಮನೆಗೆ ಬರಲಿಲ್ಲ. ನಾನು ಬರಗೊಡುತ್ತಲೂ ಇರಲಿಲ್ಲ. ಅಪ್ಪನ ಹೆಸರು ತೊಳೆದಾಗಿತ್ತು. ಈಗ ಅಪ್ಪನನ್ನು ಕೊಂದವರು ಯಾರು ಎಂಬ ಪ್ರಶ್ನೆಗೆ ಒಂದೇ ಉತ್ತರ ಉಳಿದಿತ್ತು. ಅವನು ಮರದ ಅಡ್ಡೆಯ ಹಿಂದೆ ಒಂದು ಬಾಡಿಗೆ ಕೋಣೆ ಹಿಡಿದು ಫಲಕಗಳನ್ನು ಬರೆದುಕೊಂಡಿದ್ದ. ಅಮ್ಮ ಊಟದ ಡಬ್ಬಿ ಹಿಡಿದು ವಾರಕ್ಕೆರಡು ಸಲ ಹೋಗಿಬರುತ್ತಿದ್ದಳು. ನಾನು ನಾಲ್ಕು ವರ್ಷ ಅವನೊಡನೆ ಮಾತಾಡಲಿಲ್ಲ. ನನ್ನ ಮದುವೆಗೆ ಕರೆಯಲಿಲ್ಲ. ಆಮೇಲೂ ಬೀದಿಯಲ್ಲಿ ಸಿಕ್ಕರೆ, "ಊಟ ಆಯ್ತಾ" ಎಂದರೆ "ಆಯ್ತು", ಅಷ್ಟೇ.

ದರ್ಜಿಯವರು ನಮ್ಮ ಗೇಟು ಬಿಟ್ಟು ಅವನ ಕೋಣೆಯ ಎದುರು ನಿಲ್ಲತೊಡಗಿದರೆಂದು ಅಮ್ಮ ಹೇಳಿದಳು. ಮೊದಲ ದಿನವೇ ಮಾಮ ಹೊರಗೆ ಒಂದು ಸ್ಟೂಲು ತಂದಿಟ್ಟನಂತೆ. ಒಂದು ತಿಂಗಳು ಅವರು ಕೂರಲಿಲ್ಲವಂತೆ. ಆಮೇಲೆ ಕೂತರಂತೆ. ಅನಂತರ ಮೂವತ್ತು ವರ್ಷ, ಸಂಜೆಯಾದರೆ ಅವರಿಬ್ಬರೂ ಅಲ್ಲಿ ಕೂತಿರುತ್ತಿದ್ದರು. ದಾರಿಯಲ್ಲಿ ಹೋಗುವಾಗ ನಾನು ಕಂಡಿದ್ದೇನೆ. ಕತ್ತಲಾಗುತ್ತಾ ಇಬ್ಬರ ಮುಖವೂ ಮಸುಕಾಗಿ, ಬೀಡಿಯ ಕೆಂಡ ಒಂದು ಮಾತ್ರ ಗಾಳಿಯಲ್ಲಿ ತೇಲುತ್ತಿತ್ತು. ಏನು ಮಾತಾಡುತ್ತಾರೋ, ಯಾಕಾದರೂ ಮಾತಾಡುತ್ತಾರೋ ಎಂದು ನನಗೆ ಉರಿಯುತ್ತಿತ್ತು.

ಒಮ್ಮೆ ಅವನು ನನ್ನ ಪಾಠಕ್ಕೆ ಬಂದ. ಆಗ ಅವನಿಗೆ ಅರವತ್ತು ದಾಟಿತ್ತು. ಹಿಂದಿನ ಬೆಂಚಿನಲ್ಲಿ, ಮೂಲೆಯಲ್ಲಿ ಕೂತಿದ್ದ. ಪ್ರತಿ ವರ್ಷ ಹೊಸ ತಂಡಕ್ಕೆ ಹೇಳುವ ಮೊದಲ ವಾಕ್ಯವನ್ನೇ ಅಂದೂ ಹೇಳಿದೆ. ಅವನನ್ನು ಕಂಡೂ ಹೇಳಿದೆ, ಕಂಡದ್ದರಿಂದಲೇ ಇನ್ನೂ ಗಟ್ಟಿಯಾಗಿ ಹೇಳಿದೆ.

"ಒಬ್ಬ ಬಣ್ಣದವನ ಅಜಾಗರೂಕತೆಯಿಂದ ಐವತ್ತೊಂದು ಜನ ಸತ್ತರು. ಗೆರೆ ಹತ್ತು ಬೆರಳು ಮೇಲೇರಿತ್ತು."

ಪಾಠ ಮುಗಿದ ಮೇಲೆ ಬಾಗಿಲಲ್ಲಿ ಕಾದಿದ್ದ. ತಲೆ ವಾಲಿಸಿ ಕಪ್ಪುಹಲಗೆಯನ್ನು ನೋಡುತ್ತಿದ್ದ.

"ಚೆನ್ನಾಗಿ ಹೇಳ್ತೀಯ ಪುಟ್ಟಿ. ಎಲ್ಲರಿಗೂ ಅರ್ಥ ಆಗತ್ತೆ" ಎಂದ. "ಅಳತೆ ಮಾತ್ರ ಒಂಬತ್ತೂವರೆ. ಹತ್ತು ಅಲ್ಲ."

"ತಿದ್ಕೋತೀನಿ" ಎಂದು ಹೇಳಿ ಹೊರಟೆ.

ಅವನು ತೀರಿಕೊಂಡದ್ದು ಈ ವರ್ಷ, ಎಪ್ಪತ್ತೆಂಟನೆಯ ವಯಸ್ಸಿನಲ್ಲಿ, ಮಧ್ಯಾಹ್ನದ ನಿದ್ದೆಯಲ್ಲಿ. ಅಮ್ಮ ಇರಲಿಲ್ಲ, ಅವಳು ಮೊದಲೇ ಹೋಗಿದ್ದಳು. ಹಾಗಾಗಿ ಕೋಣೆ ಖಾಲಿ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಡಬ್ಬಿಗಳು, ಒಣಗಿದ ಬ್ರಷ್ಷುಗಳು, ಎರಡು ಅಂಗಿ. ಬಾಗಿಲ ಹೊರಗೆ ಸ್ಟೂಲಿನ ಮೇಲೆ ದರ್ಜಿಯವರು ಬಂದು ಕೂತರು. ಕಣ್ಣು ಮಂಜಾಗಿತ್ತು, ಕೋಲು ಹಿಡಿದಿದ್ದರು. ನಾನು ಚಹಾ ತಂದುಕೊಟ್ಟೆ. ಅವರು ನಿಧಾನವಾಗಿ ಕುಡಿದು ಮುಗಿಸಿದರು.

"ಒಂದು ಮಾತಿದೆ ಕಣಮ್ಮಾ" ಎಂದರು ಕೊನೆಗೆ. "ನಿಮ್ಮ ಮಾಮ ಇರೋವರೆಗೂ ಹೇಳಬಾರದು ಅಂದಿದ್ದ. ಈಗ ಅದು ನನ್ನೊಬ್ಬನ ಹತ್ರ ಉಳಿದಿದೆ. ನನಗೂ ಇವತ್ತೋ ನಾಳೆಯೋ ಅನ್ನೋ ಹಾಗಾಗಿದೆ."

"ಹೇಳಿ."

"ದೋಣಿ ಮುಳುಗಿತಲ್ಲ, ಅದಕ್ಕೆ ಎರಡು ತಿಂಗಳು ಮುಂಚೆ ನಿಮ್ಮ ಅಪ್ಪ ಇವನಿಗೆ ಹೇಳಿದ್ದರಂತೆ. ದೋಣಿ ಯಾಕೋ ಭಾರ ಅನ್ನಿಸ್ತದೆ, ತಿರುಗೋವಾಗ ತಡ ಮಾಡ್ತದೆ ಅಂತ. ಇವನು, ದಡಕ್ಕೆ ಎಳೆಸಿ ಭಾವ, ಬುಡ ಕೆರೆದು ನೋಡ್ತೀನಿ ಅಂದನಂತೆ. ಎಳೆಸಿದ್ರೆ ಹದಿನೈದು ದಿನ ಜನ ಎಲ್ಲಿ ಹೋಗಬೇಕು, ಗೆರೆ ಕಾಣ್ತದಲ್ಲ ಬಿಡು ಅಂದರಂತೆ ನಿಮ್ಮ ಅಪ್ಪ. ಇವನೂ ಎಳೆಸಲೇಬೇಕು ಅಂತ ಹಟ ಹಿಡೀಲಿಲ್ಲ. ಬಿಟ್ಟ."

ಅಪ್ಪನ ದನಿ ನನಗೆ ಸ್ಪಷ್ಟವಾಗಿ ಕೇಳಿಸಿತು. ಜಗುಲಿಯ ಮೇಲೆ, ಒಂದು ಗಂಟೆಗೆ ನಾಲ್ಕು ಮಾತಾಡುವ ಆ ಇಬ್ಬರು. ಆ ನಾಲ್ಕರಲ್ಲಿ ಎರಡು ಇವು.

"ನಿಮಗೆ ಯಾವಾಗ ಹೇಳಿದ್ರು?"

"ಈ ಸ್ಟೂಲಿನ ಮೇಲೆ ನಾನು ಕೂತ ಮೊದಲನೇ ದಿನ. ನನ್ನ ಹೆಂಡತಿ ಸತ್ತಿದ್ದಕ್ಕೆ ಪೂರ್ತಿ ಲೆಕ್ಕ ನನಗೆ ಸೇರಬೇಕು ಅಂದ."

"ವಿಚಾರಣೆಯಲ್ಲಿ ಯಾಕೆ ಹೇಳಲಿಲ್ಲ?" ಎಂದೆ. ನನ್ನ ಸ್ವರ ನನಗೇ ದೂರದಿಂದ ಬಂದಂತಿತ್ತು. "ಹೇಳಿದ್ರೆ ಅವನಿಗೆ ಅರ್ಧ ಶಿಕ್ಷೆ ಆಗ್ತಿತ್ತು."

"ಅದನ್ನೇ ನಾನೂ ಕೇಳಿದೆ." ದರ್ಜಿಯವರು ಲೋಟವನ್ನು ಕೆಳಗಿಡಲು ನೆಲವನ್ನು ತಡವಿದರು, ನಾನು ತೆಗೆದುಕೊಂಡೆ. "ಹುಡುಗಿ ಗುಂಪಲ್ಲಿ ನಿಂತಿದ್ಲು ಅಂದ. ಅವಳಿಗೆ ಅಪ್ಪನಾದ್ರೂ ಇರಲಿ, ಮಾಮ ಇಲ್ಲದಿದ್ರೂ ನಡೆಯುತ್ತೆ ಅಂದ."

ನಾನು ಒಳಗೆ ಹೋಗಿ ಅವನ ಮಂಚದ ಮೇಲೆ ಕೂತೆ. ಸಂಜೆಯ ಬೆಳಕು ಗೋಡೆಯ ಮೇಲೆ ಸರಿಯುತ್ತಿತ್ತು. ಮದುವೆಗೆ ಕರೆಯದ ದಿನ ನೆನಪಾಯಿತು, "ಆಯ್ತು" ಎಂಬ ಒಂದು ಮಾತಿನಲ್ಲಿ ಮುಗಿಸಿದ ವರ್ಷಗಳು ನೆನಪಾದವು, ಹಿಂದಿನ ಬೆಂಚು ನೆನಪಾಯಿತು. ಅವನ ಮೇಲೆ ತಡೆಯಲಾರದಷ್ಟು ಸಿಟ್ಟು ಬಂತು. ಯಾರು ಕೇಳಿದ್ದರು ಇದನ್ನು? ಆಮೇಲೆ ಅಳು ಬಂತು. ನಾನೇ ಕೇಳಿದ್ದೆ. ಮನೆಯಲ್ಲಿ ಬಾಗಿಲ ಬಳಿ ನಿಂತು, ಅಪ್ಪನ ಹೆಸರು ಎಂದು ನಾನೇ ಕೇಳಿದ್ದೆ. ಕೇಳಿದ್ದನ್ನು ಅವನು ಕೊಟ್ಟಿದ್ದ, ಪೂರ್ತಿ ಕೊಟ್ಟಿದ್ದ. ಕತ್ತಲಾಗುವವರೆಗೆ ನಾನು ಅಲ್ಲಿಂದ ಏಳಲಿಲ್ಲ. ಹೊರಗೆ ದರ್ಜಿಯವರೂ ಏಳಲಿಲ್ಲ.

ಮುಂದಿನ ವಾರ ಹೊಸ ತಂಡ ಬಂತು. ಇಪ್ಪತ್ತಾರು ಜನ, ಕೆಲವರು ಆಗಲೇ ಆಕಳಿಸುತ್ತಿದ್ದರು. ನಾನು ಪುಸ್ತಕ ತೆರೆಯಲಿಲ್ಲ. ಎಷ್ಟೋ ಹೊತ್ತು ಸುಮ್ಮನೆ ನಿಂತಿದ್ದೆನೆಂದು ಕಾಣುತ್ತದೆ, ಮುಂದಿನ ಸಾಲಿನವನೊಬ್ಬ, "ಮೇಡಂ, ನೀರು ಬೇಕಾ?" ಎಂದು ಕೇಳಿದ.

"ಬೇಡ" ಎಂದೆ. "ನನ್ನ ಅಪ್ಪ ನಿಮ್ಮ ಹಾಗೆ ಚುಕ್ಕಾಣಿ ಹಿಡೀತಿದ್ದ. ದೋಣಿ ಭಾರ ಆಗಿದೆ ಅಂತ ಅವನ ಕೈಗೆ ಗೊತ್ತಾಗಿತ್ತು. ಅವನು ಹೇಳಿದ, ಆಮೇಲೆ ಬಿಡು ಅಂದ. ನನ್ನ ಮಾಮ ಗೆರೆ ಬಳೀತಿದ್ದ. ಅವನೂ ಬಿಟ್ಟ. ಇಬ್ಬರೂ ಒಳ್ಳೆಯವರು. ಐವತ್ತೊಂದು ಜನ ಸತ್ತರು. ಇದನ್ನ ನಾನು ಇಪ್ಪತ್ತೆಂಟು ವರ್ಷದಿಂದ ತಪ್ಪು ಹೇಳಿಕೊಡ್ತಿದ್ದೆ. ಇವತ್ತು ಸರಿಯಾಗಿ ಬರ್ಕೊಳ್ಳಿ."